ರೇಟು ಕೇಳೋದು ಬಿಟ್ಟೆ, ದಿನ ಕೇಳಿದೆ: ಪೋಷಕ ಪಾತ್ರದ ದುಡ್ಡಲ್ಲೇ ಮನೆ ನಡೆಸಿದ ಲೆಕ್ಕ

ನಾಟಕ, ಸೀರಿಯಲ್, ಸಿನಿಮಾ. ಈ ಮೂರರಲ್ಲೇ ಮೂವತ್ತೈದು ವರ್ಷದ ಮೇಲೆ ಸಂಸಾರ ನಡೆಸಿದ್ದೇನೆ. ಬೇರೆ ನೌಕರಿ ಇಲ್ಲ, ಊರಲ್ಲಿ ಜಮೀನಿಲ್ಲ. ಹೀರೋ ಆದವನೂ ಅಲ್ಲ. ಅಪ್ಪ, ಮಾವ, ಊರ ಗೌಡ, ಮೇಷ್ಟ್ರು, ಜಡ್ಜು, ಈಚೆಗೆ ತಾತ. ನನ್ನ ಜೊತೆ ಹವ್ಯಾಸಿ ತಂಡದಲ್ಲಿದ್ದ ಗೆಳೆಯರೆಲ್ಲ ಬ್ಯಾಂಕು, ಬಿಇಎಲ್, ಎಚ್‌ಎಂಟಿ, ಏಜೀಸ್ ಆಫೀಸು ಅಂತ ಹಗಲು ದುಡಿದು ಸಂಜೆ ರಿಹರ್ಸಲ್‌ಗೆ ಬರುತ್ತಿದ್ದರು. "ಸಣ್ಣಪುಟ್ಟ ಪಾತ್ರ ಮಾಡ್ಕೊಂಡು ಮನೆ ನಡೆಯಲ್ಲ ಕಣೋ" ಅಂತ ಪ್ರತಿಯೊಬ್ಬರೂ ಹೇಳಿದ್ದರು. ನಡೆಯಿತು. ಇಬ್ಬರು ಮಕ್ಕಳ ಓದಾಯಿತು, ಮಗಳ ಮದುವೆಯಾಯಿತು, ಎರಡು ಬೆಡ್‌ರೂಮಿನ ಮನೆಯ ಸಾಲ ತೀರಿತು. ಹೇಗೆ ಸಾರ್ ಅಂತ ಸೆಟ್ಟಲ್ಲಿ ಕೇಳುವ ಹುಡುಗರು ಈಗ ಜಾಸ್ತಿ. ಪ್ರತಿ ಸಲ ಮೇಕಪ್ ಕುರ್ಚಿಯಲ್ಲಿ ಕೂತು ಅರ್ಧ ಹೇಳಿ ನಿಲ್ಲಿಸುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಕಾಲ್‌ಶೀಟು (ನಾವು ಕೊಡುವ ಡೇಟು), ಬಾಟಾ (ದಿನದ ಭತ್ಯೆ), ಶೆಡ್ಯೂಲು (ಒಂದು ಸುತ್ತಿನ ಶೂಟಿಂಗ್) ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ವಿವರಿಸುತ್ತಾ ಕೂರುವುದಿಲ್ಲ.

ನಾನು ಶುರು ಮಾಡಿದ್ದು ಕಂಪನಿ ನಾಟಕದಲ್ಲಿ, 1980ರ ದಶಕದ ಕೊನೆಗೆ. ಪಗಾರ ತಿಂಗಳಿಗೆ ಆರೇಳು ನೂರು ರೂಪಾಯಿ, ಊಟ ಕಂಪನಿಯದು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ನೋಡಿದವರಿಗೆ ಗೊತ್ತು, ಜನವರಿಯಲ್ಲಿ ಅಲ್ಲಿ ಸಾಲಾಗಿ ಕಂಪನಿಗಳ ಟೆಂಟು ನಿಲ್ಲುತ್ತವೆ. ರಾತ್ರಿ ಒಂದು ಆಟ ಮುಗಿದ ಮೇಲೆ ಇನ್ನೊಂದು ಆಟ. ಬಣ್ಣ ಅಳಿಸುವುದಕ್ಕೂ ಪುರುಸೊತ್ತಿಲ್ಲ. ಆ ಕೆಲವು ವಾರದ ಕಲೆಕ್ಷನ್ ಮೇಲೇ ಮಾಲೀಕರು ಮಳೆಗಾಲ ದಾಟಬೇಕು. ಮಳೆ ಹಿಡಿದರೆ ಟೆಂಟಿನಲ್ಲಿ ಮೂವತ್ತು ಜನ ಇರುತ್ತಿರಲಿಲ್ಲ, ಪಗಾರ ಅರ್ಧಕ್ಕೆ ಇಳಿಯುತ್ತಿತ್ತು. ಆಮೇಲಿನ ನನ್ನ ಎಲ್ಲ ಲೆಕ್ಕವೂ ಅಲ್ಲಿಂದಲೇ ಬಂದಿದ್ದು. ದುಡ್ಡು ಜಾತ್ರೆಯಲ್ಲಿ ಬರುತ್ತದೆ, ಖರ್ಚು ಹನ್ನೆರಡು ತಿಂಗಳೂ ಇರುತ್ತದೆ.

ಬೆಂಗಳೂರಿಗೆ ಬಂದಾಗ ಇದ್ದದ್ದು ದೂರದರ್ಶನ ಒಂದೇ. 1994ರಲ್ಲಿ ಉದಯ ಟಿವಿ ಶುರುವಾಯಿತು. ಆಗ ನನಗೆ ದಿನಕ್ಕೆ ಇನ್ನೂರು, ಇನ್ನೂರೈವತ್ತು. ತಿಂಗಳಲ್ಲಿ ನಾಲ್ಕು ದಿನ ಕೆಲಸ ಸಿಕ್ಕರೆ ದೊಡ್ಡದು. 2000ದಲ್ಲಿ ಈಟಿವಿ ಕನ್ನಡ ಬಂತು, ದಿನಾ ಬರುವ ಸೀರಿಯಲ್‌ಗಳು ಹೆಚ್ಚಾದವು. ಒಂದೇ ಅಪ್ಪ, ಒಂದೇ ಮನೆ, ಎರಡು ಮೂರು ವರ್ಷ. ನಮ್ಮಂಥವರಿಗೆ ಅದು ಬೇರೆಯದೇ ಆಟ. ಆದರೆ ನಾವೆಲ್ಲ ಹಳೇ ಲೆಕ್ಕದಲ್ಲೇ ಇದ್ದೆವು. ದಿನಕ್ಕೆ ಎಷ್ಟು ಅನ್ನುವುದರ ಮೇಲೇ ಜಗಳ. ಎರಡು ಸಾವಿರಕ್ಕೆ ಇನ್ನೂರು ಸೇರಿಸಿ ಅಂತ ಪ್ರೊಡಕ್ಷನ್ ಮ್ಯಾನೇಜರ್ ಹಿಂದೆ ಓಡಾಡುವುದು, ಸಿಕ್ಕಿದ ದಿನ ಊರಿಗೆಲ್ಲ ಹೇಳುವುದು.

ನಾನು ಒಂದು ನೋಟ್‌ಬುಕ್ಕಿನಲ್ಲಿ ಹೋದ ದಿನ, ಕೊಟ್ಟ ದುಡ್ಡು, ಕೈಗೆ ಬಂದ ದಿನ ಬರೆದಿಡುತ್ತಿದ್ದೆ. 2009, 2010ರ ಹೊತ್ತಿಗೆ ಎರಡು ವರ್ಷದ್ದನ್ನು ಕೂತು ಕೂಡಿಸಿದೆ. ರೇಟು ಎರಡೂವರೆ ಸಾವಿರ ಇದ್ದ ಸೀರಿಯಲ್‌ನಲ್ಲಿ ತಿಂಗಳಿಗೆ ಸರಾಸರಿ ಆರೇಳು ದಿನ. ಹದಿನಾರು ಸಾವಿರ ದಾಟುತ್ತಿರಲಿಲ್ಲ. ಕಥೆ ಸೊಸೆಯ ಕಡೆ ತಿರುಗಿದರೆ ನನಗೆ ಎರಡೇ ದಿನ. ಆದರೂ ಅವರಿಗಾಗಿ ಇಡೀ ತಿಂಗಳು ಡೇಟ್ ಹಿಡಿದುಕೊಂಡು ಕೂರಬೇಕು. ಅದಕ್ಕೆ ಹೊಸ ಪ್ರಾಜೆಕ್ಟ್ ಬಂದಾಗ ಹೇಳಿದೆ: "ದಿನಕ್ಕೆ ಎರಡು ಸಾವಿರ ಕೊಡಿ ಸಾಕು. ಆದರೆ ತಿಂಗಳಿಗೆ ಹತ್ತು ದಿನ ಖಾತ್ರಿ. ಕರೆದರೂ ಸರಿ, ಕರೆಯದಿದ್ದರೂ ಸರಿ, ಹತ್ತು ದಿನದ ದುಡ್ಡು."

ಮ್ಯಾನೇಜರ್ ನಕ್ಕರು. "ಹೀರೋಗಳೇ ಖಾತ್ರಿ ಕೇಳಿ ಒದ್ದಾಡ್ತಾರೆ, ನಿಮಗೆ ಎಲ್ಲಿಂದ ಕೊಡೋದು?" ಗೆಳೆಯರೂ ಇದೇ ಮಾತು ಹೇಳಿದರು. ರೇಟು ಇಳಿಸಿ ಮಾರ್ಕೆಟ್ ಕೆಡಿಸ್ತಾ ಇದ್ದೀಯ ಅಂತ ಒಬ್ಬರು ಮುಖಕ್ಕೇ ಹೇಳಿದರು. ಮೊದಲ ಎರಡು ಮೂರು ಕಡೆ ಪಾತ್ರವೇ ಕೈಬಿಟ್ಟು ಹೋಯಿತು. ಐದಾರು ತಿಂಗಳು ನಾಟಕದ ಪುಡಿಗಾಸು, ಸಿನಿಮಾದ ಒಂದು ದಿನ ಎರಡು ದಿನದ ಪಾತ್ರ, ಅಷ್ಟೇ. ಹೆಂಡತಿಯ ಬಳೆ ಬ್ಯಾಂಕಿಗೆ ಹೋಯಿತು. ಅವಳು ಮಾತ್ರ "ಕೇಳೋದು ನಿಲ್ಲಿಸಬೇಡಿ" ಅಂದಳು.

ಕೊನೆಗೆ ಒಪ್ಪಿಸಿದ್ದು ಅವರ ತಲೆನೋವು ಯಾವುದು ಅಂತ ಗೊತ್ತಾದ ಮೇಲೆ. ಪೋಷಕ ನಟರು ಮೂರು ನಾಲ್ಕು ಸೀರಿಯಲ್ ಒಟ್ಟಿಗೆ ಮಾಡುತ್ತಾರೆ. ಮದುವೆ ಸೀನು, ಆಸ್ಪತ್ರೆ ಸೀನು ಇದ್ದ ದಿನ ಅಪ್ಪ ಇನ್ನೊಂದು ಸೆಟ್ಟಿನಲ್ಲಿರುತ್ತಾನೆ. ಇಪ್ಪತ್ತು ಜನ ಅವನಿಗಾಗಿ ಕಾಯುತ್ತಾರೆ. ಬ್ಯಾಂಕಿಂಗ್, ಅಂದರೆ ಮುಂಚೆಯೇ ಶೂಟ್ ಮಾಡಿಟ್ಟ ಎಪಿಸೋಡ್, ಇಲ್ಲದಿದ್ದರೆ ನಾಳೆಯ ಎಪಿಸೋಡೇ ಹೋಗುವುದಿಲ್ಲ. ನಾನು ಹೇಳಿದ್ದು ಇಷ್ಟು: ತಿಂಗಳ ಒಂದರಿಂದ ಹನ್ನೆರಡರವರೆಗೆ ನಾನು ನಿಮ್ಮವನು, ಬೇರೆ ಯಾರಿಗೂ ಡೇಟ್ ಕೊಡುವುದಿಲ್ಲ, ಅದರಲ್ಲಿ ಹತ್ತು ದಿನ ನೀವು ಬಳಸಿ. ಇದು ಅವರಿಗೆ ಅರ್ಥವಾಯಿತು. ಖಾತ್ರಿ ಸಿಕ್ಕಿತು. ತಿಂಗಳಿಗೆ ಇಪ್ಪತ್ತು ಸಾವಿರ, ಕಡಿಮೆ ರೇಟಿನಲ್ಲೇ. ಹದಿನೈದರಿಂದ ಇಪ್ಪತ್ತೈದರವರೆಗಿನ ದಿನಗಳನ್ನು ಆಮೇಲೆ ಇನ್ನೊಂದು ಸೀರಿಯಲ್‌ಗೆ ಇದೇ ರೀತಿ ಕೊಟ್ಟೆ. ಉಳಿದ ದಿನ ನಾಟಕಕ್ಕೆ ಮತ್ತು ಸಿನಿಮಾಕ್ಕೆ. ಈಗ ನನ್ನ ದಿನದ ರೇಟು ಆರು ಸಾವಿರದ ಹತ್ತಿರ. ನನಗಿಂತ ಎರಡು ಪಟ್ಟು ರೇಟಿರುವವರ ವರ್ಷದ ಮೊತ್ತ ನನಗಿಂತ ಕಡಿಮೆ ಇದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪೆಟ್ಟು ಬೀಳಲಿಲ್ಲ ಅಂತಲ್ಲ. ಒಂದು ಸೀರಿಯಲ್‌ನಲ್ಲಿ ನಾಲ್ಕೇ ತಿಂಗಳಿಗೆ ನನ್ನ ಟ್ರ್ಯಾಕ್ (ಪಾತ್ರದ ಕಥೆ) ಮುಗಿಸಿ ಗೋಡೆ ಮೇಲೆ ಫೋಟೋ ಹಾಕಿ ಹಾರ ಹಾಕಿದರು. ಆ ಹನ್ನೆರಡು ದಿನಗಳಿಗೆ ಬೇರೆ ಕೆಲಸ ಹುಡುಕಲು ಮೂರು ತಿಂಗಳು ಬೇಕಾಯಿತು. ಅಂದಿನಿಂದ ಇನ್ನೊಂದು ಮಾತು ಸೇರಿಸಿದೆ: ಟ್ರ್ಯಾಕ್ ಮುಗಿಸುವುದಾದರೆ ಒಂದು ತಿಂಗಳು ಮುಂಚೆ ಹೇಳಿ, ಇಲ್ಲದಿದ್ದರೆ ಒಂದು ತಿಂಗಳ ಖಾತ್ರಿ ದುಡ್ಡು ಕೊಡಿ. ಅರ್ಧದಷ್ಟು ಕಡೆ ಒಪ್ಪುತ್ತಾರೆ. ನಮ್ಮಲ್ಲಿ ಬಾಯಿಮಾತೇ ಒಪ್ಪಂದ, ಪೋಷಕ ನಟರಿಗೆ ಯಾರೂ ಕಾಗದ ಮಾಡಿಕೊಡುವುದಿಲ್ಲ. ಮಾತಾಡಿದ ರಾತ್ರಿಯೇ ಎಲ್ಲವನ್ನೂ ಒಂದು ವಾಟ್ಸ್ಆಪ್ ಮೆಸೇಜಿನಲ್ಲಿ ಕಳಿಸುತ್ತೇನೆ. ಅವರು ತಪ್ಪದೇ ಉತ್ತರ ಕೊಡುವ ಹಾಗೆ ಅದರ ಕೊನೇ ಸಾಲು ಬರೆಯಬೇಕು. ಆ ಸಾಲು ಏನು ಅಂತ ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಕಳಿಸಿದರೆ ಕೆಲಸ ಮಾಡಲ್ಲ.

ಬಾಕಿ ವಸೂಲಿ ದೊಡ್ಡ ಕಥೆ. ಸೀರಿಯಲ್ ದುಡ್ಡು ಎರಡು ಮೂರು ತಿಂಗಳು ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಸಿನಿಮಾದಲ್ಲಿ ಹಾಗಲ್ಲ. 2000ದ ಆಸುಪಾಸಿನಲ್ಲಿ ಮೂರು ಚಿತ್ರಗಳಿಂದ ನನಗೆ ಬರಬೇಕಾದ್ದು ಬರಲೇ ಇಲ್ಲ. ಒಂದರ ಚೆಕ್ ಬೌನ್ಸ್, ಇನ್ನೊಂದರ ನಿರ್ಮಾಪಕರು ಊರು ಬಿಟ್ಟರು, ಮೂರನೆಯದು ಬಿಡುಗಡೆಯೇ ಆಗಲಿಲ್ಲ. ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ. ಆ ಕಾಲಕ್ಕೆ ಅದು ನನ್ನ ಒಂದು ವರ್ಷದ ದುಡಿಮೆ. ಡಬ್ಬಿಂಗ್‌ಗೆ, ಅಂದರೆ ಶೂಟಿಂಗ್ ಆದ ಮೇಲೆ ದನಿ ಕೊಡುವುದಕ್ಕೆ, ಮುಂಚೆ ಬ್ಯಾಲೆನ್ಸ್ ಇಸಿದುಕೊಳ್ಳುವುದು ನಿಮಗೆ ಹೊಸದಲ್ಲ. ಆದರೆ ಚಿಕ್ಕ ಪಾತ್ರವಾದರೆ ಬೇರೆಯವರ ಕೈಲಿ ದನಿ ಕೊಡಿಸಿ ಮುಗಿಸುತ್ತಾರೆ. ನನ್ನ ವಿಷಯದಲ್ಲಿ ಹಾಗೆ ಮಾಡಿದವರು ಒಬ್ಬರೇ, ಅವರೂ ಕೇಳಿ ನೋಡಿ ವಾಪಸ್ ಕರೆದರು. ಮೈಕಿಲ್ಲದೆ ಜಾತ್ರೆಯ ಕೊನೇ ಸಾಲಿಗೆ ಮುಟ್ಟಿಸಿ ಪಳಗಿದ ದನಿ ಇದು, ಅದಕ್ಕೆ ಬದಲಿ ಸುಲಭಕ್ಕೆ ಸಿಗಲ್ಲ. ಶೂಟಿಂಗ್‌ನಲ್ಲೇ ದನಿ ಹಿಡಿಯುವ ಸಿಂಕ್ ಸೌಂಡ್ ಚಿತ್ರಗಳಲ್ಲಿ ಈ ಹಿಡಿತ ಇಲ್ಲ. ಅಲ್ಲಿ ಅರ್ಧ ಮುಂಗಡ, ಉಳಿದದ್ದು ನನ್ನ ಕೊನೇ ದಿನದ ಹಿಂದಿನ ದಿನ. ಕೊನೇ ದಿನ ಅಂತ ಒಪ್ಪಿಕೊಳ್ಳಬೇಡಿ. ಪ್ಯಾಕಪ್ ಆದ ಮೇಲೆ ಕ್ಯಾಷಿಯರ್ ಸಿಗುವುದಿಲ್ಲ.

ಇನ್ನು ಮನೆಯ ಲೆಕ್ಕ. ನನಗೆ ಎರಡು ಬ್ಯಾಂಕ್ ಖಾತೆ. ಬರುವ ದುಡ್ಡೆಲ್ಲ ಒಂದಕ್ಕೆ. ತಿಂಗಳ ಐದನೇ ತಾರೀಕು ಅದರಿಂದ ಇನ್ನೊಂದಕ್ಕೆ ಸಂಬಳ. ಕಳೆದ ಎರಡು ವರ್ಷದಲ್ಲಿ ಅತಿ ಕಡಿಮೆ ದುಡ್ಡು ಬಂದ ಮೂರು ತಿಂಗಳು ಹುಡುಕಿ, ಅದರ ಸರಾಸರಿಯನ್ನೇ ಸಂಬಳ ಮಾಡಿದೆ. ಮೊದಲಿಗೆ ಹದಿಮೂರೋ ಹದಿನಾಲ್ಕೋ ಸಾವಿರ. ಈಗ ನಲವತ್ತೈದು. ಸಿನಿಮಾದ ಲಕ್ಷ ಒಟ್ಟಿಗೆ ಬಂದರೂ ಆ ತಿಂಗಳು ಅಷ್ಟೇ. ಯುಗಾದಿಗೆ ಒಮ್ಮೆ ಮಾತ್ರ ಏರಿಸುತ್ತೇನೆ. ಮೊದಲ ಖಾತೆಯಲ್ಲಿ ಎಂಟು ತಿಂಗಳ ಸಂಬಳ ಸದಾ ಇರಬೇಕು. ಅಷ್ಟು ಕೂಡಿಹಾಕಲು ನನಗೆ ನಾಲ್ಕು ವರ್ಷ ಹಿಡಿಯಿತು.

2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಿತು. ಮೇ ಕೊನೆಗೆ ಸೀರಿಯಲ್‌ಗಳು ಮೆಲ್ಲಗೆ ಶುರುವಾದವು, ಆದರೆ ವಯಸ್ಸಾದವರನ್ನು ಸೆಟ್ಟಿಗೆ ಕರೆಯಲು ಎಲ್ಲರಿಗೂ ಭಯ. ಅಪ್ಪ ಫೋನಿನಲ್ಲಿ ಮಾತಾಡುತ್ತಾನೆ, ತಾತ ಊರಿಗೆ ಹೋಗಿದ್ದಾನೆ ಅಂತ ಕಥೆ ತಿದ್ದಿದರು. ರಂಗಮಂದಿರಗಳಿಗೆ ಬೀಗ. ಎಷ್ಟೋ ಒಳ್ಳೆಯ ಕಲಾವಿದರು ದಿನಸಿ ಕಿಟ್‌ಗೆ ಹೆಸರು ಬರೆಸಬೇಕಾಯಿತು, ಅವರ ನೆನಪಾದರೆ ಈಗಲೂ ಸಂಕಟವಾಗುತ್ತದೆ. ನಮ್ಮ ಮನೆಗೆ ಐದನೇ ತಾರೀಕಿನ ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ಖಾತ್ರಿ ಒಪ್ಪಿದ್ದ ಎರಡು ಕಡೆಯಲ್ಲಿ ಒಬ್ಬರು ಆ ಕಾಲದಲ್ಲೂ ಅರ್ಧ ಕೊಟ್ಟರು. ಬ್ಯಾಂಕಿನಲ್ಲಿ ರಿಟೈರ್ ಆದ ಗೆಳೆಯ ಫೋನ್ ಮಾಡಿ "ನೀನು ಹೇಳಿದ್ದು ಸರಿ ಇತ್ತು ಮಾರಾಯ" ಅಂದ. ಹತ್ತು ವರ್ಷ ಕಾದಿದ್ದೆ ಆ ಮಾತಿಗೆ.

ತೆರಿಗೆ ವಿಷಯದಲ್ಲಿ ನಮ್ಮವರು ಸುಮ್ನೆ ದುಡ್ಡು ಬಿಡುತ್ತಾರೆ, ಅದಕ್ಕೇ ಹೇಳುತ್ತೇನೆ. 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಸೆಕ್ಷನ್ ಅಡಿ ಟಿಡಿಎಸ್ (ಮೂಲದಲ್ಲೇ ಕಳೆಯುವ ತೆರಿಗೆ) ಅಂತ ಶೇಕಡಾ 10 ಹಿಡಿದುಕೊಂಡೇ ಕೊಡುತ್ತಾರಲ್ಲ, ಅದು ಹೋದ ದುಡ್ಡಲ್ಲ. ಸಿನಿಮಾ ಕಲಾವಿದರು ಅದೇ ಕಾಯ್ದೆಯ 44ಎಡಿಎ ಸೆಕ್ಷನ್ನಿನ ಪಟ್ಟಿಯಲ್ಲಿದ್ದಾರೆ. ಬಂದದ್ದರಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಖರ್ಚಿನ ಬಿಲ್ಲು ಕೂಡಿಡುವುದು ಬೇಡ. ಸೀರಿಯಲ್‌ಗೆ ಪಂಚೆ, ಕೋಟು, ಶಾಲು ಎಲ್ಲ ನಮ್ಮದೇ ಅಲ್ವಾ, ಅದಕ್ಕೆಲ್ಲ ಬಿಲ್ ಎಲ್ಲಿ ಇಡುವುದು? ನನಗೆ ಒಂಬತ್ತು ಲಕ್ಷ ಬಂದ ವರ್ಷ ಆದಾಯ ನಾಲ್ಕೂವರೆ ಲಕ್ಷ ಆಯಿತು, ತೆರಿಗೆ ಸೊನ್ನೆ. ಹಿಡಿದ ತೊಂಬತ್ತು ಸಾವಿರದ ಹತ್ತಿರದ ಮೊತ್ತ ವಾಪಸ್ ಬಂತು. ಆದರೆ 26ಎಎಸ್, ಅಂದರೆ ನಿಮ್ಮ ಹೆಸರಲ್ಲಿ ಕಟ್ಟಿರುವ ತೆರಿಗೆಯ ಪಟ್ಟಿ, ಪ್ರತಿ ಮೂರು ತಿಂಗಳಿಗೆ ನೋಡಿ. ಒಂದು ಕಡೆ ನನ್ನ ದುಡ್ಡಿನಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟಿರಲೇ ಇಲ್ಲ. ಮುಂದಿನ ಶೆಡ್ಯೂಲಿಗೆ ಹೋಗುವ ಮುಂಚೆ ಕಟ್ಟಿಸಿದೆ. ಅರವತ್ತು ದಾಟಿದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹನ್ನೆರಡು ಲಕ್ಷ ಇಟ್ಟಿದ್ದೇನೆ. ಶೇಕಡಾ 8.2ರಂತೆ ಮೂರು ತಿಂಗಳಿಗೆ ಇಪ್ಪತ್ತನಾಲ್ಕೂವರೆ ಸಾವಿರ ಬರುತ್ತದೆ. 2023ರ ಏಪ್ರಿಲ್‌ನಿಂದ ಅದರ ಮಿತಿ 30 ಲಕ್ಷಕ್ಕೆ ಏರಿದೆ. ನಮಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಇದೇ ನಮ್ಮ ಪಿಂಚಣಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಎರಡು ಸೀಸನ್ ತುಮಕೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿದೆ. ಅಲ್ಲಿ ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ರೇಟು ಜಾಸ್ತಿ, ಪೈಪೋಟಿಯೂ ಜಾಸ್ತಿ. ಆ ದುಡ್ಡಲ್ಲೇ ಸೀನರಿ, ಹಾರ್ಮೋನಿಯಂ, ಮೇಷ್ಟ್ರ ಸಂಭಾವನೆ ಎಲ್ಲ. ಹಾರ್ಮೋನಿಯಂ ಮೇಷ್ಟ್ರೂ ನಾನೂ ಹಂಚಿಕೊಂಡು ಒಂದು ನಾಟಕಕ್ಕೆ ನನ್ನ ಪಾಲು ಇಪ್ಪತ್ತೈದು ಸಾವಿರದ ಹತ್ತಿರ. ಹೊಲದ ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆವರೆಗೆ ಕಂದ, ವೃತ್ತ ಅನ್ನುವ ಪದ್ಯ ಹಾಡಿ ಕಲಿಯುವ ಅವರ ಹುರುಪು ನಾನು ಎಲ್ಲೂ ನೋಡಿಲ್ಲ. ಆದರೆ ಬೆಳಗ್ಗೆ ಏಳಕ್ಕೆ ರಾಜರಾಜೇಶ್ವರಿ ನಗರದ ಶೂಟಿಂಗ್ ಮನೆಯಲ್ಲಿರಬೇಕು, ಗಂಟಲು ಕಟ್ಟುತ್ತಿತ್ತು. ಬಿಟ್ಟೆ. ಆಡಿಯೋ ಪುಸ್ತಕ ಓದಿದೆ. ಮುಗಿದ ಗಂಟೆಗೆ ಇಷ್ಟು ಅಂತ ಕೊಡುತ್ತಾರೆ, ಒಂದು ಗಂಟೆ ಮುಗಿಸಲು ಮೂರು ಗಂಟೆ ಬೇಕು, ನನಗೆ ಲೆಕ್ಕ ಕೂಡಲಿಲ್ಲ. ಬೇಸಿಗೆ ಶಿಬಿರ ಮಾತ್ರ ಪ್ರತಿ ವರ್ಷ ಮಾಡುತ್ತೇನೆ.

ನಾಟಕ ಬಿಟ್ಟಿಲ್ಲ. ಒಂದು ಪ್ರಯೋಗಕ್ಕೆ ಸಾವಿರ, ಸಾವಿರದೈನೂರು. ಒಂದೂವರೆ ತಿಂಗಳ ರಿಹರ್ಸಲ್‌ಗೆ ಅದು ಪೆಟ್ರೋಲ್ ದುಡ್ಡೂ ಅಲ್ಲ. ಆದರೂ ವರ್ಷಕ್ಕೆ ಎರಡು ನಾಟಕ ಮಾಡೇ ಮಾಡುತ್ತೇನೆ. 2004ರಲ್ಲಿ ಬೆಂಗಳೂರಿನಲ್ಲಿ ರಂಗಶಂಕರ ರಂಗಮಂದಿರ ಶುರುವಾದ ಮೇಲೆ ಸೀರಿಯಲ್, ಸಿನಿಮಾ ನಿರ್ದೇಶಕರು ಬಂದು ಕೂತು ನಾಟಕ ನೋಡುವುದು ಜಾಸ್ತಿಯಾಯಿತು. ನನ್ನ ಅತಿ ಉದ್ದದ ಮೂರು ಸೀರಿಯಲ್‌ಗಳೂ ಅಲ್ಲಿ ನೋಡಿದವರು ಕರೆದು ಕೊಟ್ಟವೇ. ದುಡ್ಡಿನ ಮಾತು ಬಿಟ್ಟರೂ, ಎಪಿಸೋಡ್‌ಗೆ ಮೂರು ಸಾಲು ಪ್ರಾಂಪ್ಟರ್ ಹೇಳಿದ್ದನ್ನು ಒಪ್ಪಿಸಿ ಬಂದ ಮೇಲೆ ಎರಡು ಗಂಟೆ ಒಂದೇ ಉಸಿರಿನಲ್ಲಿ ನಿಲ್ಲುವ ಪಾತ್ರ ನನಗೆ ಬೇಕು. ಪ್ರದರ್ಶನದ ದಿನ ನಾಲ್ಕು ಗಂಟೆಗೆ ಬಿಡಬೇಕು ಅಂತ ಖಾತ್ರಿಯ ಮೆಸೇಜಿನಲ್ಲೇ ಬರೆದಿರುತ್ತೇನೆ. ಅದಕ್ಕೆ ಈವರೆಗೆ ಯಾರೂ ತಕರಾರು ಮಾಡಿಲ್ಲ.

ಹೊಸಬರು ಹತ್ತು ದಿನ ಕೇಳಬೇಡಿ, ಕೊಡುವುದಿಲ್ಲ. ನಾಲ್ಕು ದಿನ ಕೇಳಿ. ಅದೂ ಪಾತ್ರ ಒಪ್ಪಿಕೊಳ್ಳುವಾಗಲ್ಲ, ಸೀರಿಯಲ್ ಐವತ್ತು ಎಪಿಸೋಡ್ ದಾಟಿ, ನಿಮ್ಮ ಮುಖ ಜನಕ್ಕೆ ಹಿಡಿದ ಮೇಲೆ. ಆಗ ನಿಮ್ಮನ್ನು ಬದಲಿಸುವುದು ಅವರಿಗೂ ಕಷ್ಟ. ಇಲ್ಲ ಅಂದರೆ ಜಗಳ ಬೇಡ, ಕೆಲಸ ಮಾಡಿಕೊಂಡಿರಿ, ಎರಡು ಶೆಡ್ಯೂಲ್ ಬಿಟ್ಟು ಮತ್ತೆ ಕೇಳಿ. ನನಗೆ ಇಲ್ಲ ಅಂದಿದ್ದ ಒಬ್ಬ ಮ್ಯಾನೇಜರ್ ಈಗ ತಾವೇ ನಿರ್ಮಾಪಕರು. ಹೋದ ತಿಂಗಳು ಫೋನ್ ಮಾಡಿದವರು ರೇಟು ಕೇಳಲಿಲ್ಲ, "ಎಷ್ಟು ದಿನ ಹಾಕ್ಕೊಳ್ಳಲಿ ಸಾರ್?" ಅಂತಲೇ ಶುರು ಮಾಡಿದರು. ಹನ್ನೆರಡು ಅಂದಿದ್ದೇನೆ. ಹತ್ತಕ್ಕೆ ನಿಂತಿದ್ದಾರೆ.