ತಂದೆಯವರ ಕಾರನ್ನು ಗುಜರಿ ಕೇಂದ್ರಕ್ಕೆ ಒಪ್ಪಿಸಿದ ನನ್ನ ಅನುಭವ

ನಮ್ಮ ತಂದೆಯವರು 2009ರ ಡಿಸೆಂಬರಿನಲ್ಲಿ ಕೊಂಡಿದ್ದ ಪೆಟ್ರೋಲ್ ಕಾರಿನ ಆರ್‌ಸಿ ಅವಧಿ 2024ರ ಡಿಸೆಂಬರಿಗೆ ಮುಗಿಯುವುದರಲ್ಲಿತ್ತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮಾತ್ರ. ಆಮೇಲೆ ಎಫ್‌ಸಿ (ವಾಹನ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಹಿಂದೆ 600 ರೂಪಾಯಿಯಿದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಯಾಗಿತ್ತು. ಶುಲ್ಕಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು ಕಾರಿನ ತಳಕ್ಕೆ ಹಿಡಿದಿದ್ದ ತುಕ್ಕು. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯಲು ಧೈರ್ಯ ಸಾಲದಾದಾಗ, ಅದನ್ನು ಗುಜರಿಗೆ ಹಾಕಿ ಹೊಸ ಕಾರು ಕೊಳ್ಳುವುದೆಂದು ಮನೆಯವರೆಲ್ಲ ನಿರ್ಧರಿಸಿದೆವು.

ಹಳೆಯ ಕಾರು ಕೊಟ್ಟರೆ ಸರ್ಕಾರ ಇಂತಿಷ್ಟು ಹಣವನ್ನು ಖಾತೆಗೆ ಹಾಕುತ್ತದೆ ಎಂದೇ ನಾನೂ ಭಾವಿಸಿದ್ದೆ. 2021ರ ಆಗಸ್ಟ್ 13ರಂದು ಪ್ರಧಾನಿ ನರೇಂದ್ರ ಮೋದಿಯವರು ಚಾಲನೆ ನೀಡಿದ ವಾಹನ ಗುಜರಿ ನೀತಿಯಲ್ಲಿ ಅಂತಹ ನೇರ ನಗದು ಸಹಾಯಧನವಿಲ್ಲ. ಹಳೆಯ ವಾಹನದ ಲೋಹದ ಬೆಲೆ ಗುಜರಿ ಕೇಂದ್ರದಿಂದ, ನೋಂದಣಿ ಶುಲ್ಕದ ವಿನಾಯಿತಿ ಮತ್ತು ತೆರಿಗೆಯ ರಿಯಾಯಿತಿ ಆರ್‌ಟಿಒ ಮೂಲಕ, ಬೆಲೆಯಲ್ಲಿನ ಕಡಿತ ಕಾರು ತಯಾರಕರಿಂದ, ಹೀಗೆ ಬೇರೆ ಬೇರೆ ಕಡೆಯಿಂದ ಬರುವ ಅನುಕೂಲಗಳನ್ನು ನಾವೇ ಒಂದೊಂದಾಗಿ ಪಡೆದುಕೊಳ್ಳಬೇಕು. ಲೋಹದ ಬೆಲೆಯೊಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಆಧಾರ ಒಂದೇ ಕಾಗದ: ನೋಂದಾಯಿತ ಗುಜರಿ ಕೇಂದ್ರವು ವಾಹನ ಪಡೆದುಕೊಂಡಾಗ ನೀಡುವ ಸರ್ಟಿಫಿಕೇಟ್ ಆಫ್ ಡೆಪಾಸಿಟ್.

ನನಗೆ ಹೆಚ್ಚು ಕಾಲ ಹಿಡಿದದ್ದು ಆ ಕಾಗದ ಸಿಗುವುದಕ್ಕೆ ಮುಂಚಿನ ಕೆಲಸಗಳಿಗೆ. ವಾಹನವನ್ನು ಒಪ್ಪಿಸುವವರು ಅದರ ನೋಂದಾಯಿತ ಮಾಲೀಕರಾಗಿರಬೇಕು, ಇಲ್ಲವೇ ಅವರಿಂದ ಅಧಿಕಾರ ಪಡೆದವರಾಗಿರಬೇಕು. ಆರ್‌ಸಿ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಇದ್ದುದರಿಂದ, ಮಾಲೀಕರ ಮರಣಾನಂತರದ ವರ್ಗಾವಣೆಗೆಂದು ಇರುವ ಫಾರ್ಮ್ 31 ತುಂಬಿ, ಮರಣ ಪ್ರಮಾಣಪತ್ರ ಹಾಗೂ ತಾಯಿ ಮತ್ತು ತಂಗಿಯ ಒಪ್ಪಿಗೆ ಪತ್ರಗಳೊಂದಿಗೆ ಸಲ್ಲಿಸಿದೆ. ಅಲ್ಲಿಗೆ ಮುಗಿಯಲಿಲ್ಲ. ಎಂದೋ ತೀರಿಸಿದ್ದ ಸಾಲದ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ತೆಗೆಸಲು ಫಾರ್ಮ್ 35ಕ್ಕೆ ಬ್ಯಾಂಕಿನ ಸಹಿ ಮತ್ತು ಎನ್‌ಒಸಿ ಬೇಕಾಯಿತು. ಸಾಲದ ಖಾತೆಯಿದ್ದ ಶಾಖೆ ಬೇರೊಂದು ಶಾಖೆಯೊಂದಿಗೆ ವಿಲೀನವಾಗಿತ್ತು. ಹಳೆಯ ಕಡತ ಹುಡುಕಿಸಲು ನಾನು ನಾಲ್ಕು ಸಲ ಅಲೆದೆ. ಈ ಎರಡು ಕೆಲಸಗಳಿಗೇ ಎರಡು ತಿಂಗಳು ಹಿಡಿಯಿತು. ಸಾಲ ತೀರಿದ ವಾರವೇ ಇದನ್ನು ಮಾಡಿಸಿಕೊಳ್ಳಿ ಎಂದು ಅಂದಿನಿಂದ ಪರಿಚಯದವರಿಗೆಲ್ಲ ಹೇಳುತ್ತಿದ್ದೇನೆ.

ಈ ನಡುವೆ ಗುಜರಿ ವ್ಯಾಪಾರಿಯೊಬ್ಬರು ಮನೆಗೇ ಬಂದು 30,000 ರೂಪಾಯಿ ಕೈಗಿಡಲು ಸಿದ್ಧರಿದ್ದರು. ನೋಂದಾಯಿತ ಕೇಂದ್ರದವರು ಹೇಳಿದ ಬೆಲೆ 24,000. ಆದರೆ ಆರ್‌ಸಿ ರದ್ದಾದ ದಾಖಲೆ ಕೊಡುವಿರಾ ಎಂಬ ನನ್ನ ಪ್ರಶ್ನೆಗೆ ವ್ಯಾಪಾರಿಯ ಬಳಿ ಉತ್ತರವಿರಲಿಲ್ಲ. ನಾಳೆ ಅದೇ ಕಾರು ನಮ್ಮ ಹೆಸರಿನಲ್ಲೇ ರಸ್ತೆಗಿಳಿದು ಅಪಘಾತವೋ ಅಪರಾಧವೋ ನಡೆದರೆ ಪೊಲೀಸರು ಬರುವುದು ನಮ್ಮ ಮನೆ ಬಾಗಿಲಿಗೆ. ಆ 6,000 ರೂಪಾಯಿಯ ಆಸೆಗೆ ಅಷ್ಟು ದೊಡ್ಡ ಅಪಾಯವನ್ನು ಮೈಮೇಲೆಳೆದುಕೊಳ್ಳಲು ನಾನು ಒಪ್ಪಲಿಲ್ಲ.

ಕೇಂದ್ರದವರು ಮೊದಲು ವಾಹನ ನೋಂದಣಿಯ ಸರ್ಕಾರಿ ದಾಖಲೆಯಾದ ವಾಹನ್ ದತ್ತಾಂಶದಲ್ಲಿ ಸಾಲ, ಬಾಕಿ, ಕಪ್ಪುಪಟ್ಟಿ ಯಾವುದೂ ಇಲ್ಲವೆಂದು ನೋಡಿಕೊಂಡರು; ಕಳವಾದ ವಾಹನವಲ್ಲವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಮಾಹಿತಿಯೊಡನೆ ತಾಳೆ ಹಾಕಿದರು. ತೂಕವಾದ ಮೇಲೆ ಹಣ ನೇರವಾಗಿ ಖಾತೆಗೆ ಬಂತು. ನನ್ನ ಕೋರಿಕೆಯ ಮೇರೆಗೆ ಒಳಗಿನ ಕೆಲಸವನ್ನೂ ತೋರಿಸಿದರು. ಕಾರನ್ನು ಕತ್ತರಿಸುವುದಕ್ಕೆ ಮುಂಚೆ ಬ್ಯಾಟರಿ, ಉಳಿದ ಪೆಟ್ರೋಲ್, ಎಂಜಿನ್ ಆಯಿಲ್, ಎಸಿಯ ಅನಿಲ ಎಲ್ಲವನ್ನೂ ಬೇರೆ ಬೇರೆಯಾಗಿ ತೆಗೆಯುತ್ತಾರೆ. ಬಯಲು ಗುಜರಿಗಳಲ್ಲಿ ಇದೇ ಆಯಿಲ್ ನೆಲಕ್ಕೆ ಇಂಗುವುದನ್ನು ನಾನು ಕಂಡಿದ್ದೇನೆ. ಈ ವ್ಯವಸ್ಥೆ ನಮಗೆ ಬೇಕು ಎಂದು ನನಗೆ ಮನವರಿಕೆಯಾದದ್ದು ಅಲ್ಲಿ ನಿಂತಾಗಲೇ. ಚಾಸಿ ಸಂಖ್ಯೆಯಿರುವ ತುಂಡನ್ನು ಮಾತ್ರ ಕತ್ತರಿಸಿ, ಮುಂದೆ ಯಾರಾದರೂ ಪರಿಶೀಲಿಸಬೇಕಾದರೆ ಇರಲೆಂದು 6 ತಿಂಗಳು ಕಾಯ್ದಿಡುತ್ತಾರೆ.

ಶೋರೂಮಿನಲ್ಲಿ ಲೆಕ್ಕ ಹೀಗಾಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿಯವರೊಂದಿಗೆ 2024ರ ಆಗಸ್ಟಿನಲ್ಲಿ ನಡೆದ ಸಭೆಯ ನಂತರ ಹಲವು ಕಾರು ಕಂಪನಿಗಳು ಎಕ್ಸ್-ಶೋರೂಮ್ ಬೆಲೆಯ ಶೇ. 1.5 ಅಥವಾ 20,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದನ್ನು ಸೀಮಿತ ಅವಧಿಗೆ ಬಿಡಲು ಒಪ್ಪಿದ್ದವು. ಹಳೆಯ ವಾಹನ ಹಿಂದಿನ 6 ತಿಂಗಳೊಳಗೆ ಗುಜರಿಯಾಗಿರಬೇಕೆಂಬುದು ಷರತ್ತು. 8 ಲಕ್ಷದ ಕಾರಿಗೆ ನನಗೆ ಸಿಕ್ಕಿದ್ದು 12,000. ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವವರಿಗೆ ಸಿಗುವ ಎಕ್ಸ್‌ಚೇಂಜ್ ಬೋನಸ್ಸನ್ನೂ ಕೇಳಿ ನೋಡಿದೆ. ಗುಜರಿ ರಿಯಾಯಿತಿ ಪಡೆದವರಿಗೆ ಅದು ಇಲ್ಲವೆಂದರು, ಅದು ನಿಯಮಕ್ಕೆ ಸರಿಯೇ ಆಗಿತ್ತು. ನೋಂದಣಿ ಶುಲ್ಕದ ವಿನಾಯಿತಿಯಿಂದ ಉಳಿದದ್ದು 600 ರೂಪಾಯಿ.

ನಿಜವಾಗಿ ಗಮನ ಕೊಡಬೇಕಾದದ್ದು ತೆರಿಗೆಗೆ. ಖಾಸಗಿ ವಾಹನಕ್ಕೆ ಶೇ. 25ರವರೆಗೆ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ರಿಯಾಯಿತಿ ಎಂಬುದು ಕೇಂದ್ರ ಸರ್ಕಾರ ಗೊತ್ತುಪಡಿಸಿದ ಗರಿಷ್ಠ ಮಿತಿಯೇ ಹೊರತು ಎಲ್ಲರಿಗೂ ಸಿಗುವ ಮೊತ್ತವಲ್ಲ. ಅದರೊಳಗೆ ಎಷ್ಟು ಕೊಡಬೇಕೆಂಬುದನ್ನು ಆಯಾ ರಾಜ್ಯ ತನ್ನ ಆದೇಶದಲ್ಲಿ ತೀರ್ಮಾನಿಸುತ್ತದೆ. ಆ ಆದೇಶದ ಪ್ರತಿಯನ್ನು ನಾನು ಮುಂಚೆಯೇ ತೆಗೆದಿಟ್ಟುಕೊಂಡು, ಬುಕಿಂಗ್ ದಿನವೇ ಸರ್ಟಿಫಿಕೇಟಿನ ಜೊತೆಗೆ ಕೊಟ್ಟೆ. ಶೋರೂಮಿನ ಸಿಬ್ಬಂದಿ ಪೂರ್ತಿ ತೆರಿಗೆ ಹಾಕಿ ಸಿದ್ಧಪಡಿಸಿದ್ದ ಕೊಟೇಶನ್ನನ್ನು ಅದನ್ನು ಓದಿದ ಮೇಲೆಯೇ ತಿದ್ದಿದರು. ಪೂರ್ತಿ ತೆರಿಗೆ ಕಟ್ಟಿಬಿಟ್ಟಿದ್ದರೆ ಅದನ್ನು ಹಿಂಪಡೆಯಲು ಇನ್ನೆಷ್ಟು ಅಲೆಯಬೇಕಾಗುತ್ತಿತ್ತೋ.

ಹಳೆಯ ಕಾರಿನ ಫಾಸ್ಟ್ಯಾಗ್ ಮುಚ್ಚಿಸುವುದು ಮತ್ತು ವಿಮೆ ರದ್ದುಪಡಿಸುವುದು ಕೊನೆಗೆ ಉಳಿದಿದ್ದವು. ಆರ್‌ಸಿ ರದ್ದಾಗಿದೆ ಎಂಬುದು ಪರಿವಾಹನ್ ಜಾಲತಾಣದಲ್ಲಿ ಕಾಣಿಸಿದ ದಿನ ಅದರ ಪ್ರತಿಯನ್ನು ಮುದ್ರಿಸಿ, ತಂದೆಯವರು 2009ರಿಂದ ಜೋಪಾನವಾಗಿಟ್ಟಿದ್ದ ಕಾರಿನ ಕಡತದಲ್ಲಿ ಕಡೆಯ ಹಾಳೆಯಾಗಿ ಸೇರಿಸಿದೆ.