ಸ್ಟರ್ನ್‌ಡ್ರೈವ್ ಬೋಟಿನ ವೇಗ: ಯಾವ ಪ್ರೊಪೆಲ್ಲರ್, ಎಷ್ಟು ಎತ್ತರದ ಡ್ರೈವ್

ಸ್ಟರ್ನ್‌ಡ್ರೈವ್ ಅಂದರೆ ಎಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರ್ ಹೊತ್ತ ಡ್ರೈವ್ ಹಿಂಗೋಡೆಯ ಹೊರಗೆ ಇರುವ ಜೋಡಣೆ. ಬೋಟ್ ಸಾಕಷ್ಟು ಓಡುತ್ತಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರು ದೊಡ್ಡ ಪಿಚ್‌ನ (ಜಾರದೆ ಒಂದು ಸುತ್ತು ತಿರುಗಿದರೆ ಮುಂದೆ ಸಾಗುವ ದೂರ) ಪ್ರೊಪೆಲ್ಲರ್ ತರಿಸುತ್ತಾರೆ. ಹಾಕಿ ನೋಡಿದರೆ ಬೋಟ್ ಮೊದಲಿಗಿಂತ ನಿಧಾನ! ಎಂಜಿನ್ ತನ್ನ ಪೂರ್ತಿ ಆರ್‌ಪಿಎಂ ಮುಟ್ಟಲಾಗದೆ ಒದ್ದಾಡುತ್ತಿರುತ್ತದೆ, ಅಷ್ಟೇ. ಆದ್ದರಿಂದ ದುಡ್ಡು ಬಿಚ್ಚುವ ಮುನ್ನ ಈಗಿರುವ ಸ್ಥಿತಿಯನ್ನು ಅಳೆದು ಬರೆದಿಟ್ಟುಕೊಳ್ಳಿ.

ಉದಾಹರಣೆಗೆ 24 ಅಡಿಯ, ವಿ ಆಕಾರದ ತಳದ ಬೋಟ್ ತೆಗೆದುಕೊಳ್ಳೋಣ. 8.1 ಲೀಟರಿನ ಮರ್‌ಕ್ರೂಸರ್ 496 ಎಚ್‌ಒ ಎಂಜಿನ್, 425 ಅಶ್ವಶಕ್ತಿ, ಬ್ರಾವೊ ಒನ್ ಡ್ರೈವ್, ಗೇರ್ ಅನುಪಾತ 1.5:1, 26 ಇಂಚು ಪಿಚ್‌ನ ನಾಲ್ಕು ಬ್ಲೇಡಿನ ಸ್ಟೀಲ್ ಪ್ರೊಪೆಲ್ಲರ್. ಈ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 4600ರಿಂದ 5000 ಆರ್‌ಪಿಎಂ ನಡುವೆ ಇರಬೇಕು. ನಮಗೆ ಬೇಕಾದದ್ದು ಮೇಲಿನ ತುದಿ.

ಅರ್ಧ ಟ್ಯಾಂಕ್ ಪೆಟ್ರೋಲ್, ಇಬ್ಬರು ಜನ, ಸಣ್ಣ ಅಲೆ ಇರುವ ನೀರು. ಕನ್ನಡಿಯಂಥ ನೀರಿನಲ್ಲಿ ತಳ ಅಂಟಿಕೊಂಡಂತಾಗಿ ವೇಗ ಕಡಿಮೆ ಬರುತ್ತದೆ. ಎರಡೂ ದಿಕ್ಕಿಗೆ ಓಡಿಸಿ ಜಿಪಿಎಸ್ ವೇಗದ ಸರಾಸರಿ ತೆಗೆಯಿರಿ, ಗಾಳಿಯ ಲೆಕ್ಕ ಕಳೆದುಹೋಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳಿನ ಟ್ಯಾಕೋಮೀಟರನ್ನು ನಂಬಬೇಡಿ. ಎಂಜಿನ್ ಕಂಪ್ಯೂಟರಿನಿಂದ ಬರುವ ಆರ್‌ಪಿಎಂ ಸಿಕ್ಕಿದರೆ ಅದನ್ನೇ ಬರೆಯಿರಿ.

ಇನ್ನು ಸ್ಲಿಪ್, ಅಂದರೆ ಕಾಗದದ ಮೇಲಿನ ವೇಗಕ್ಕಿಂತ ನಿಜವಾದ ವೇಗ ಶೇಕಡ ಎಷ್ಟು ಕಡಿಮೆ ಎಂಬ ಲೆಕ್ಕ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ, ಬಂದದ್ದನ್ನು 1056ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎಂಬ ಕಾಗದದ ವೇಗ ಸಿಗುತ್ತದೆ. ಕಿಲೋಮೀಟರ್ ಬೇಕಿದ್ದರೆ 1056ರ ಬದಲು 656. ನಮ್ಮ ಬೋಟಿಗೆ 5000 × 26 ÷ 1.5 ÷ 1056, ಅಂದರೆ ಸುಮಾರು 82 ಮೈಲಿ. ಜಿಪಿಎಸ್ 71 ತೋರಿಸಿದರೆ ಸ್ಲಿಪ್ ಸುಮಾರು 13.5%. ಇಂಥ ತಳಕ್ಕೆ 10ರಿಂದ 15% ಸಹಜ. 20 ದಾಟಿದರೆ ಪ್ರೊಪೆಲ್ಲರ್‌ಗೆ ನೀರಿನ ಹಿಡಿತ ಸಿಗುತ್ತಿಲ್ಲ. 5ಕ್ಕಿಂತ ಕಡಿಮೆ ಬಂದರೆ ಖುಷಿಪಡಬೇಡಿ, ಟ್ಯಾಕೋಮೀಟರೋ ಪ್ರೊಪೆಲ್ಲರ್ ಮೇಲೆ ಕೆತ್ತಿದ ಪಿಚ್ಚೋ ಸುಳ್ಳು ಹೇಳುತ್ತಿದೆ. ನಿಧಾನಕ್ಕೆ ಹೋಗುವಾಗ ಎಲ್ಲ ಸರಿ, ಥ್ರಾಟಲ್ ಒತ್ತಿದಾಗ ಮಾತ್ರ ಆರ್‌ಪಿಎಂ ಹಾರಿ ಬೋಟ್ ಅಲ್ಲೇ ಇದ್ದರೆ, ಪ್ರೊಪೆಲ್ಲರ್ ಒಳಗಿನ ಹಬ್ ಜಾರುತ್ತಿದೆ. ಅದಕ್ಕೆ ಹೊಸ ಪ್ರೊಪೆಲ್ಲರ್ ಬೇಕಿಲ್ಲ, ಹಬ್ ಕಿಟ್ ಸಾಕು.

ಪಿಚ್ ಒಂದು ಇಂಚು ಹೆಚ್ಚಾದರೆ 150ರಿಂದ 200 ಆರ್‌ಪಿಎಂ ಇಳಿಯುತ್ತದೆ, ಕಡಿಮೆಯಾದರೆ ಅಷ್ಟೇ ಏರುತ್ತದೆ. ಎಂಜಿನ್ 4650ರಲ್ಲಿ ನಿಂತಿದ್ದರೆ 26 ಬಿಟ್ಟು 24ಕ್ಕೆ ಇಳಿಯಿರಿ. ವೇಗ ಅಷ್ಟೇ ಇರಬಹುದು ಅಥವಾ ಹೆಚ್ಚಬಹುದು, ನಿಂತಲ್ಲಿಂದ ಮೇಲೇಳುವುದಂತೂ ಚುರುಕಾಗುತ್ತದೆ. ಬ್ಲೇಡಿನ ಹಿಂದಿನ ಅಂಚನ್ನು ಸಣ್ಣಗೆ ಬಾಗಿಸುವ ಕಪ್ ಕೂಡ ಅರ್ಧದಿಂದ ಒಂದು ಇಂಚು ಪಿಚ್‌ನಷ್ಟೇ ಹೊರೆ ಹಾಕುತ್ತದೆ. ಕಪ್ ಹಾಕಿಸಿಕೊಂಡು ಬಂದಮೇಲೆ ಆರ್‌ಪಿಎಂ ಬಿತ್ತು ಎಂದು ಗೋಳಾಡುವವರು ಇದನ್ನು ಮರೆತಿರುತ್ತಾರೆ. ಮಲ್ಪೆಯ ಟ್ರಾಲರ್‌ನ ಅಗಲವಾದ, ನಿಧಾನಕ್ಕೆ ತಿರುಗುವ ಪ್ರೊಪೆಲ್ಲರ್ ಇರುವುದು ಬಲೆ ಎಳೆಯಲು. ಇಲ್ಲಿ ವ್ಯಾಸ ಚಿಕ್ಕದು, ಪಿಚ್ ದೊಡ್ಡದು.

ಯಾವ ನೀರಿನಲ್ಲಿ ಓಡಿಸುತ್ತೀರಿ ಎಂಬುದೂ ಮುಖ್ಯ. ಅರಿಜೋನಾದ ಲೇಕ್ ಹವಾಸು ಸಮುದ್ರಮಟ್ಟದಿಂದ ಸುಮಾರು 450 ಅಡಿ ಮೇಲಿದೆ, ಲೇಕ್ ಟಾಹೋ 6,200 ಅಡಿ ದಾಟುತ್ತದೆ. ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಹವಾಸುವಿನಲ್ಲಿ ಸರಿಹೋದ 26, ಟಾಹೋದಲ್ಲಿ ಭಾರವಾಗುತ್ತದೆ. ಅಲ್ಲಿಗೆ ಎರಡು ಇಂಚು ಕಡಿಮೆ ಪಿಚ್‌ನದು ಬೇರೆ ಇರಲಿ.

ಜೋಡಿಸುವಾಗ ಗೇರ್ ನ್ಯೂಟ್ರಲ್‌ಗೆ ತನ್ನಿ, ಕೀಲಿ ತೆಗೆದು ಜೇಬಿಗೆ ಹಾಕಿ. ಬ್ಲೇಡಿಗೂ ಮೇಲಿನ ಚಪ್ಪಟೆ ಪ್ಲೇಟಿಗೂ ನಡುವೆ ಮರದ ತುಂಡು ಕೊಟ್ಟು ನಟ್ ಬಿಚ್ಚಿ. ಶಾಫ್ಟ್ ಬುಡದಲ್ಲಿ ಮೀನಿನ ಗಾಳದ ದಾರ ಸುತ್ತಿದೆಯೇ ನೋಡಿ. ಆ ದಾರವೇ ಸೀಲ್ ಕತ್ತರಿಸಿ ಗೇರ್ ಎಣ್ಣೆಗೆ ನೀರು ಬಿಡುವುದು. ಶಾಫ್ಟಿನ ಹಲ್ಲುಗಳಿಗೆ ಮರೀನ್ ಗ್ರೀಸ್ ಹಚ್ಚಿ, ಮೊದಲು ಥ್ರಸ್ಟ್ ವಾಷರ್, ಆಮೇಲೆ ಪ್ರೊಪೆಲ್ಲರ್. ಹಳೆಯ ಪ್ರೊಪೆಲ್ಲರ್‌ಗೆ ಅಂಟಿಕೊಂಡು ಆ ವಾಷರ್ ಎಷ್ಟೋ ಸಲ ಕಸದ ಬುಟ್ಟಿ ಸೇರುತ್ತದೆ. ಅದಿಲ್ಲದೆ ಬಿಗಿದರೆ ಪ್ರೊಪೆಲ್ಲರ್ ಗೇರ್‌ಕೇಸಿಗೆ (ಡ್ರೈವಿನ ಕೆಳಭಾಗದಲ್ಲಿ ಗೇರುಗಳಿರುವ ಕವಚ) ಉಜ್ಜುತ್ತದೆ. ನಟ್‌ಗೆ ಕನಿಷ್ಠ 75 ನ್ಯೂಟನ್ ಮೀಟರ್ ಟಾರ್ಕ್ ಕೊಡಿ, ಟ್ಯಾಬ್ ವಾಷರಿನ ಕಿವಿಗಳನ್ನು ತೋಡುಗಳಿಗೆ ಸರಿಯಾಗಿ ಬಗ್ಗಿಸಿ. ಕಿವಿ ತೋಡಿಗೆ ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ.

ನಿಜವಾದ ವೇಗ ಅಡಗಿರುವುದು ಡ್ರೈವಿನ ಎತ್ತರದಲ್ಲಿ. ನೀರಿನಲ್ಲಿ ಮುಳುಗಿದ ಗೇರ್‌ಕೇಸ್ ಲಂಗರಿನ ಹಾಗೆ ಎಳೆಯುತ್ತದೆ. ಬೋಟನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಟ್ರೈಲರ್ ಮೇಲಿಟ್ಟು, ತಳದ ನಡುಗೆರೆಯನ್ನು ರಸಮಟ್ಟದಿಂದ ಸಮ ಮಾಡಿ. ಡ್ರೈವಿನ ಚಪ್ಪಟೆ ಪ್ಲೇಟನ್ನೂ ಟ್ರಿಮ್ (ಡ್ರೈವನ್ನು ಮೇಲಕ್ಕೆ ಕೆಳಕ್ಕೆ ವಾಲಿಸುವ ಗುಂಡಿ) ಒತ್ತಿ ಸಮಕ್ಕೆ ತನ್ನಿ. ಹಿಂಬದಿಯಲ್ಲಿ ನೆಲದಿಂದ ನಡುಗೆರೆ 58 ಸೆಂಟಿಮೀಟರ್, ನೆಲದಿಂದ ಪ್ರೊಪೆಲ್ಲರ್ ಶಾಫ್ಟಿನ ಮಧ್ಯಬಿಂದು 42 ಇದ್ದರೆ, ಶಾಫ್ಟ್ ತಳಕ್ಕಿಂತ 16 ಸೆಂಟಿಮೀಟರ್, ಅಂದರೆ ಆರು ಇಂಚಿಗಿಂತ ಸ್ವಲ್ಪ ಹೆಚ್ಚು ಕೆಳಗಿದೆ. ಇದನ್ನು ಐದು ಇಂಚಿನ ಆಸುಪಾಸಿಗೆ ತರುವುದು ಮೊದಲ ಗುರಿ.

ಔಟ್‌ಬೋರ್ಡ್ ಆದರೆ ಜ್ಯಾಕ್ ಪ್ಲೇಟಿನಿಂದ ಸುಲಭವಾಗಿ ಏರಿಸಬಹುದು. ಸ್ಟರ್ನ್‌ಡ್ರೈವ್‌ನಲ್ಲಿ ಒಂದೋ ಎಂಜಿನ್ನನ್ನೇ ಮೇಲಕ್ಕೆತ್ತಿ ಟ್ರಾನ್ಸಮ್ (ಬೋಟಿನ ಹಿಂಗೋಡೆ) ಹೊಸದಾಗಿ ಕೊರೆಯಬೇಕು, ಇಲ್ಲವೇ ಎರಡು ಇಂಚು ಗಿಡ್ಡದಾದ ಕೆಳಗಿನ ಗೇರ್‌ಕೇಸ್ ಹಾಕಬೇಕು. ಎರಡನೆಯದೇ ಜಾಣತನ: ಎರಡು ಇಂಚು ಅತಿಯಾಯಿತು ಅನ್ನಿಸಿದರೆ ನಡುವೆ ಒಂದು ಇಂಚಿನ ಸ್ಪೇಸರ್ ಕೂರಿಸಿ ಅರ್ಧ ದಾರಿಗೆ ಬರಬಹುದು. ಏರಿಸಿದ ಮೇಲೆ ಸ್ಲಿಪ್ ಒಂದೆರಡು ಪಾಯಿಂಟ್ ಹೆಚ್ಚಬಹುದು. ಗಾಬರಿ ಬೇಡ. ಎಳೆತ ಕಡಿಮೆಯಾದ ಲಾಭ ಅದಕ್ಕಿಂತ ದೊಡ್ಡದಾಗಿದ್ದರೆ ಜಿಪಿಎಸ್ ಅಂಕಿ ಏರಿರುತ್ತದೆ, ತೀರ್ಪು ಅದರದ್ದೇ. ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದು ಆರ್‌ಪಿಎಂ ಹಾರಿದರೆ ಹೆಚ್ಚು ಕಪ್ ಇರುವ ನಾಲ್ಕು ಬ್ಲೇಡಿನದಕ್ಕೆ ಹೋಗಿ. ಅದಕ್ಕೂ ಬಗ್ಗದಿದ್ದರೆ ಎತ್ತರ ಅತಿಯಾಗಿದೆ.

ಎತ್ತರಕ್ಕೆ ಮಿತಿ ಹಾಕುವುದು ಎರಡು ಸಂಗತಿ. ಒಂದು ತಂಪಿನ ನೀರು. ಅದು ಬರುವುದು ಗೇರ್‌ಕೇಸಿನ ಬದಿಯ ತೂತುಗಳಿಂದ. ಡ್ರೈವ್ ಮೇಲೆ ಬಂದಂತೆ ಅವು ನೀರಿನ ಜೊತೆ ಗಾಳಿಯನ್ನೂ ಹೀರುತ್ತವೆ. ತಾಪಮಾನದ ಮುಳ್ಳು ಏರುವಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಕೆಲಸ ಶುರುಮಾಡುವ ಮೊದಲೇ ನೀರಿನ ಒತ್ತಡದ ಗೇಜ್ ಹಾಕಿಸಿ, ಹಳೆಯ ಎತ್ತರದಲ್ಲಿ ಪೂರ್ತಿ ವೇಗದ ಒತ್ತಡ ಬರೆದುಕೊಳ್ಳಿ. ಏರಿಸಿದ ಮೇಲೆ ಟ್ರಿಮ್ ಮೇಲಕ್ಕೆ ಒತ್ತಿದಾಗ ಮುಳ್ಳು ನಡುಗಿದರೆ ಅಲ್ಲಿಗೇ ನಿಲ್ಲಿಸಿ. ಮೂಗಿನಲ್ಲಿ ಕೆಳಗಡೆ ನೀರು ಹೀರುವ ಗೇರ್‌ಕೇಸ್ ಹಾಕಿ, ಇಲ್ಲವೇ ಟ್ರಾನ್ಸಮ್‌ನಲ್ಲಿ ನೀರು ಹೀರಲು ಬೇರೆ ಪಿಕಪ್ ಕೊಡಿಸಿ.

ಎರಡನೆಯದು ಬ್ಲೋಔಟ್. ಸುಮಾರು 80 ಮೈಲಿ ಹತ್ತಿರವಾದಾಗ ಮೊಂಡು ಮೂಗಿನ ಗೇರ್‌ಕೇಸಿನ ಸುತ್ತ ಒತ್ತಡ ಕುಸಿದು ಗುಳ್ಳೆಗಳೆದ್ದು, ಒಮ್ಮೆಲೇ ಪ್ರೊಪೆಲ್ಲರನ್ನೇ ಆವರಿಸುತ್ತವೆ. ಹಿಡಿತ ತಪ್ಪಿ ಬೋಟ್ ಒಂದು ಕಡೆಗೆ ಸರಕ್ಕನೆ ತಿರುಗುತ್ತದೆ, ಕೂತವರು ಹೊರಗೆ ಬೀಳುವುದೂ ಉಂಟು. ಪಿಚ್ ಬದಲಿಸಿ ಇದಕ್ಕೆ ಪರಿಹಾರ ಹುಡುಕಬೇಡಿ. ಚೂಪು ಮೂಗಿನ ಗೇರ್‌ಕೇಸ್ ಬೇಕು, ಇಲ್ಲದಿದ್ದರೆ ಆ ವೇಗಕ್ಕೆ ಹೋಗಬಾರದು. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಯಾವಾಗಲೂ ಮೈಗೆ ಕಟ್ಟಿರಲಿ.

ವೇಗ ಬಂತು, ಈಗ ಬೋಟ್ ಎಡಕ್ಕೂ ಬಲಕ್ಕೂ ತೂಗತೊಡಗುತ್ತದೆ. ಇದೇ ಚೈನ್ ವಾಕ್ (ಚೈನ್ ಅಂದರೆ ಇಲ್ಲಿ ತಳವೂ ಬದಿಯೂ ಸೇರುವ ಅಂಚು). ಪ್ರೊಪೆಲ್ಲರ್ ಬಲಕ್ಕೆ ತಿರುಗುವುದರಿಂದ ಬೋಟಿನ ಎಡಬದಿ ಒತ್ತಿಕೊಳ್ಳುತ್ತದೆ, ಚಾಲಕ ಬಲಕ್ಕೆ ತಿರುಗಿಸಿ ಸರಿಮಾಡಲು ಹೋಗುತ್ತಾನೆ, ಸ್ಟೀರಿಂಗಿನ ಆಟದಿಂದ ಅದು ತಡವಾಗಿ ತಲುಪುತ್ತದೆ, ತೂಗಾಟ ಇನ್ನೂ ಹೆಚ್ಚುತ್ತದೆ. ಹಾಗಾದಾಗ ಥ್ರಾಟಲನ್ನು ಸ್ವಲ್ಪವೇ ಇಳಿಸಿ, ಟ್ರಿಮ್ ಒಂದು ಚೂರು ಕೆಳಕ್ಕೆ ತನ್ನಿ, ಚಕ್ರವನ್ನು ನೇರವಾಗಿ ಹಿಡಿಯಿರಿ. ಥ್ರಾಟಲ್ ಒಮ್ಮೆಲೇ ಬಿಟ್ಟರೆ ಮೂಗು ಕುಸಿದು ಪಕ್ಕಕ್ಕೆ ಎಳೆಯಬಹುದು. ಡ್ರೈವನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಟ್ರಿಮ್ ಸಿಲಿಂಡರಿನ ಬುಷ್ ಸವೆದಿದ್ದರೆ ಬದಲಿಸಿ. 70 ಮೈಲಿ ದಾಟುವ ಬೋಟಿಗೆ ಎರಡು ರ‍್ಯಾಮ್‌ಗಳ ಹೈಡ್ರಾಲಿಕ್ ಸ್ಟೀರಿಂಗ್ ಹಾಕಿಸಿ, ಅದು ಶೋಕಿಯಲ್ಲ. ಎಡಗಡೆಯ ಟ್ರಿಮ್ ಟ್ಯಾಬನ್ನು (ತಳದ ಹಿಂದಿನ ಅಂಚಿನಲ್ಲಿರುವ ಏರಿಳಿಸುವ ಫಲಕ) ತುಸು ಇಳಿಸಿದರೂ ಎಡಬದಿ ಎದ್ದು ಸಮವಾಗುತ್ತದೆ. ಇಷ್ಟಾದರೂ ಮೂಗು ಕುಣಿಯುತ್ತಲೇ ಇದ್ದರೆ ತಳದ ಹಿಂಭಾಗಕ್ಕೆ ನೇರ ಪಟ್ಟಿ ಹಿಡಿದು ನೋಡಿ, ಅಲ್ಲಿ ಉಬ್ಬಿದ್ದರೆ ಪ್ರೊಪೆಲ್ಲರಿನಿಂದ ಅದು ಸರಿಹೋಗದು.

ಮೊದಲ ಪೂರ್ತಿ ವೇಗದ ಓಟದ ನಂತರ ಗೇರ್ ಎಣ್ಣೆ ಇಳಿಸಿ ನೋಡಿ. ಡ್ರೈನ್ ಸ್ಕ್ರೂವಿನ ಆಯಸ್ಕಾಂತದಲ್ಲಿ ಬೂದಿಯಂಥ ನುಣ್ಣನೆಯ ಪುಡಿ ಇದ್ದರೆ ಪರವಾಗಿಲ್ಲ. ಎಣ್ಣೆ ಹಾಲಿನಂತಾಗಿದ್ದರೆ ಸೀಲ್ ಹೋಗಿದೆ. ಉಗುರಿಗೆ ಸಿಗುವಷ್ಟು ದೊಡ್ಡ ಲೋಹದ ಚೂರು ಸಿಕ್ಕಿದರೆ ಡ್ರೈವ್ ಬಿಚ್ಚದೆ ಬೋಟನ್ನು ಮತ್ತೆ ನೀರಿಗಿಳಿಸಬೇಡಿ.