ಗಣಿ ಮುಚ್ಚಿದ ಊರಿನಲ್ಲಿ ಬೇಸಿಗೆಯ ವಾರಾಂತ್ಯ

ಮೇ ತಿಂಗಳು ಬಂತೆಂದರೆ ಬೆಂಗಳೂರಿನ ಗೆಳೆಯರ ಗುಂಪುಗಳೆಲ್ಲ ತಂಪು ಹುಡುಕಿಕೊಂಡು ಹೊರಡುತ್ತವೆ. ಕೊಡಗು, ಚಿಕ್ಕಮಗಳೂರು, ಊಟಿ. ಎಲ್ಲಿ ಹೋದರೂ ಜನ, ಘಾಟಿ ತುಂಬ ಕಾರು. ಈ ಸಲ ನಾವು ಐದು ಜನ ಅದೆಲ್ಲ ಬಿಟ್ಟು ಕೋಲಾರ ಜಿಲ್ಲೆಯ ಕೆಜಿಎಫ್‌ಗೆ, ಅಂದರೆ ಒಂದು ಕಾಲಕ್ಕೆ ಚಿನ್ನದ ಗಣಿಯಿದ್ದ ಕೋಲಾರ ಗೋಲ್ಡ್ ಫೀಲ್ಡ್ಸ್‌ಗೆ ಹೋದೆವು. "ಈ ಬಿಸಿಲಲ್ಲಿ ಅಲ್ಲಿಗ್ಯಾಕೆ? ಅಲ್ಲೇನಿದೆ ನೋಡೋಕೆ?" ಅಂತ ಕೇಳಿದವರೇ ಜಾಸ್ತಿ. ಬೇಕಾದಷ್ಟಿದೆ. ಆದರೆ ಅದರ ಮುಕ್ಕಾಲು ಪಾಲು ನೆಲದ ಕೆಳಗಿದೆ, ನಮಗೆ ಕಾಣುವುದಿಲ್ಲ. ಉಳಿದಿದ್ದನ್ನು ಅಲ್ಲಿನ ಜನರ ಬಾಯಿಂದ ಕೇಳಬೇಕು. ಹಾಗಾಗಿ ಈ ಊರಿಗೆ ಪಿಕ್ನಿಕ್ ಸ್ಪಾಟಿಗೆ ಹೋದ ಹಾಗೆ ಹೋಗಬಾರದು, ನೆಂಟರ ಮನೆಗೆ ಹೋದ ಹಾಗೆ ಹೋಗಬೇಕು. ನಾವು ಹೇಗೆ ಹೋದೆವು, ಏನು ಮಾಡಿದೆವು ಅಂತ ಬರೆಯುತ್ತಿದ್ದೇನೆ, ಹೋಗಬೇಕು ಅನ್ನುವವರಿಗೆ ಉಪಯೋಗವಾಗಲಿ.

ನಮಗೆ ಒಂದು ಅನುಕೂಲವಿತ್ತು. ನಮ್ಮ ಗುಂಪಿನ ಗೆಳತಿಯೊಬ್ಬಳ ತವರು ಕೆಜಿಎಫ್‌ನ ಉರಿಗಾಂನಲ್ಲಿದೆ. ಅವಳ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮನೆಯವರು "ಲಾಡ್ಜ್ ಗೀಡ್ಜ್ ಏನೂ ಬೇಡ, ಇಲ್ಲೇ ಇರಿ" ಅಂದರು. ಪರಿಚಯದವರು ಇಲ್ಲದವರಿಗೆ ಊರಿನ ಪೇಟೆ ಭಾಗವಾದ ರಾಬರ್ಟ್‌ಸನ್‌ಪೇಟೆಯಲ್ಲಿ ಸಾಧಾರಣ ಲಾಡ್ಜ್‌ಗಳಿವೆ. ಐಷಾರಾಮಿ ಹೋಟೆಲು, ರೆಸಾರ್ಟು ಬೇಕು ಅನ್ನುವವರಿಗೆ ಇದು ಸರಿಹೋಗುವ ಊರಲ್ಲ.

ಬೆಂಗಳೂರಿನಿಂದ ರಸ್ತೆಯಲ್ಲಿ ನೂರು ಕಿಲೋಮೀಟರ್ ಆಸುಪಾಸು. ಕಾರಿನಲ್ಲಿ ಹೋಗಬಹುದು, ಆದರೆ ನಾನು ಹೇಳುವುದು ರೈಲಿನಲ್ಲಿ ಹೋಗಿ ಅಂತ. ಅದೂ ಶುಕ್ರವಾರ ಸಂಜೆಯ ಮಾರಿಕುಪ್ಪಂ ರೈಲಿನಲ್ಲಿ. ಗಣಿ ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಜನ ದಿನಾ ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ, ಸಂಜೆ ವಾಪಸ್ ಹೋಗುತ್ತಾರೆ. ಅವರ ಜೊತೆ ನಿಂತುಕೊಂಡು ಹೋದರೆ ಊರಿನ ಪರಿಚಯ ರೈಲಿನಲ್ಲೇ ಶುರುವಾಗುತ್ತದೆ. ಒಂದು ಮೂಲೆಯಲ್ಲಿ ಇಸ್ಪೀಟು, ಇನ್ನೊಂದು ಕಡೆ ಹೂ ಕಟ್ಟುವವರು, ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಮಾತಿನೊಳಗೆ. ಸೀಟು ಬೇಕಾದರೆ ಬೆಂಗಳೂರಿನಲ್ಲೇ ಸ್ವಲ್ಪ ಮುಂಚೆ ಹೋಗಿ ಹತ್ತಿ. ದಾರಿಯಲ್ಲಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ದಾರಿಯಲ್ಲಿ ಸಿಗುವ ಬಂಗಾರಪೇಟೆಗೆ ಬ್ರಿಟಿಷರ ಕಾಲದಲ್ಲಿ ಬೌರಿಂಗ್‌ಪೇಟೆ ಅಂತ ಹೆಸರಿತ್ತು. ಇಲ್ಲಿನ ಪಾನಿಪುರಿಗೆ ಒಳ್ಳೆಯ ಹೆಸರು. ಪಾನಿಗೆ ಹಸಿರು ಬಣ್ಣವೇ ಇರುವುದಿಲ್ಲ, ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಹೋಗುವಾಗ ರೈಲು ಬಿಟ್ಟು ಇಳಿಯಲು ಆಗುವುದಿಲ್ಲ, ಬರುವಾಗ ತಿನ್ನಿ. ಬಂಗಾರಪೇಟೆಯಿಂದ ರೈಲು ಮುಖ್ಯ ಹಳಿ ಬಿಟ್ಟು ಬಲಕ್ಕೋ ಎಡಕ್ಕೋ ಹೊರಳುವಾಗ ಬಾಗಿಲ ಹತ್ತಿರ ಬನ್ನಿ. ಈ ಕವಲು ದಾರಿ ಹಾಕಿದ್ದು 1894ರಲ್ಲಿ, ಗಣಿಗೋಸ್ಕರವೇ. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಪುಟ್ಟ ಪುಟ್ಟ ಸ್ಟೇಷನ್‌ಗಳು ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಮುಂದಿನ ದಿನಗಳಲ್ಲಿ ನಾವು ಮಾಡಿದ್ದೂ ಅದನ್ನೇ, ಹಳಿಯ ಪಕ್ಕದ ರಸ್ತೆ ಹಿಡಿದು ನಡೆದೆವು.

ಬೇಸಿಗೆಯಲ್ಲಿ ಇಲ್ಲಿ ನಡೆಯುವುದಕ್ಕೆ ಹೊತ್ತು ನೋಡಿಕೊಳ್ಳಬೇಕು. ಬೆಳಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ಮನೆ ಸೇರಬೇಕು. ಮತ್ತೆ ಹೊರಡುವುದು ಸಂಜೆ ನಾಲ್ಕೂವರೆ ಮೇಲೆ. ನಡುವಿನ ಹೊತ್ತು ಊಟ, ನಿದ್ದೆ, ಮಾತು. ರಾತ್ರಿ ಮಾತ್ರ ಬೆಂಗಳೂರಿಗಿಂತ ಹಿತ. ತಾರಸಿ ಮೇಲೆ ಚಾಪೆ ಹಾಸಿಕೊಂಡು ಮಲಗಿದೆವು, ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ಗಾಳಿ.

ಶನಿವಾರ ಬೆಳಗ್ಗೆ ಉರಿಗಾಂನಿಂದ ಚಾಂಪಿಯನ್ ರೀಫ್ ಕಡೆಗೆ ಹೊರಟೆವು. ಮೊದಲು ಸಿಗುವುದು ದೊಡ್ಡ ದೊಡ್ಡ ಬಂಗಲೆಗಳು. ಹೆಂಚಿನ ಮಾಡು, ಮುಂದೆ ವರಾಂಡ, ಚಳಿಗೆ ಬೆಂಕಿ ಹಾಕಲು ಕಟ್ಟಿದ ಚಿಮಣಿ, ಸುತ್ತ ಎಕರೆಗಟ್ಟಲೆ ಕಾಂಪೌಂಡು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಇಂಗ್ಲೆಂಡಿನ ಕಂಪನಿ ಗಣಿಗಾರಿಕೆಗೆ ಇಳಿಯಿತು. ಅಲ್ಲಿಂದ ಬಂದ ಎಂಜಿನಿಯರುಗಳು ತಮ್ಮ ಊರನ್ನೇ ಇಲ್ಲಿ ಕಟ್ಟಿಕೊಂಡರು. ಕ್ಲಬ್, ಗಾಲ್ಫ್ ಮೈದಾನ, ಚರ್ಚು, ಆಸ್ಪತ್ರೆ. ಜನ ಇದನ್ನು ಲಿಟಲ್ ಇಂಗ್ಲೆಂಡ್ ಅಂತ ಕರೆದಿದ್ದು ಅದಕ್ಕೇ. ಅವರಿಗಿಂತ ಮೊದಲು ಇಲ್ಲಿ ಚಿನ್ನಕ್ಕಾಗಿ ಓಡಾಡಿದವನು ಮೈಕೇಲ್ ಲ್ಯಾವೆಲ್ ಎಂಬ ಸೈನಿಕ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದ್ದೇ.

ಇನ್ನೂ ಸ್ವಲ್ಪ ಮುಂದೆ ಹೋದರೆ ಗಣಿ ಕಾರ್ಮಿಕರ ಲೈನ್ ಮನೆಗಳು. ಅಲ್ಲಿಗೆ ಬಂದಾಗ ನಮ್ಮ ಗುಂಪಿನ ಮಾತು ತಾನಾಗೇ ಕಡಿಮೆಯಾಯಿತು. ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು, ಒಂದು ಕೋಣೆ, ಮುಂದೆ ಚಿಕ್ಕ ಜಗಲಿ. ಗೆಳತಿ ತನ್ನ ಅಪ್ಪ ಹುಟ್ಟಿದ ಮನೆ ತೋರಿಸಿದಳು. ಈಗ ಅಲ್ಲಿರುವ ಅಮ್ಮ "ಒಳಗೆ ಬನ್ನಿ ಮಕ್ಕಳೇ" ಅಂತ ಕರೆದು ಮಜ್ಜಿಗೆ ಕೊಟ್ಟರು. ಬಾಗಿಲಿನಿಂದ ಹಿಂದಿನ ಗೋಡೆಗೆ ನಾಲ್ಕೇ ಹೆಜ್ಜೆ. ಇಷ್ಟರಲ್ಲಿ ಎಂಟು ಹತ್ತು ಜನ ಇದ್ದರಂತೆ. ರಾತ್ರಿ ಪಾಳಿಯವರು ಬಂದು ಮಲಗುವ ಹೊತ್ತಿಗೆ ಹಗಲು ಪಾಳಿಯವರು ಎದ್ದು ಹೋಗಿರುತ್ತಿದ್ದರು, ಹಾಗಾಗಿ ಚಾಪೆ ಮಡಿಸುವ ಮಾತೇ ಇರಲಿಲ್ಲ ಅಂದರು ಆ ಅಮ್ಮ. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ದಲಿತ ಕುಟುಂಬಗಳೇ ಈ ಗಣಿಯ ತಳದಲ್ಲಿ ಹೆಚ್ಚಾಗಿ ದುಡಿದವು. ಬಂಗಲೆಯನ್ನೂ ಲೈನನ್ನೂ ಒಂದೇ ನಡಿಗೆಯಲ್ಲಿ ನೋಡಬೇಕು. ಬಂಗಲೆಯ ಫೋಟೋ ಮಾತ್ರ ತೆಗೆದುಕೊಂಡು ಬಂದರೆ ಕೆಜಿಎಫ್ ನೋಡಿದ ಹಾಗಾಗುವುದಿಲ್ಲ.

ರಸ್ತೆಯಿಂದಲೇ ಶಾಫ್ಟ್‌ಗಳ, ಅಂದರೆ ಗಣಿಗೆ ಇಳಿಯುವ ಬಾವಿಗಳ ಮೇಲಿನ ಕಬ್ಬಿಣದ ಗೋಪುರಗಳು ಕಾಣುತ್ತವೆ. ತುದಿಯಲ್ಲಿ ದೊಡ್ಡ ಗಾಲಿ, ತುಕ್ಕು ಹಿಡಿದು ನಿಂತಿದೆ. ಆ ಗಾಲಿಯ ಮೇಲೆ ಹಗ್ಗ ಓಡುತ್ತಿತ್ತು, ಹಗ್ಗದ ತುದಿಯಲ್ಲಿ ಜನರನ್ನು ಇಳಿಸುವ ಕೇಜು. ಗಣಿಯ ಆವರಣದೊಳಗೆ ಬಿಡುವುದಿಲ್ಲ, ಕಾವಲಿದೆ. ಒಳಗೆ ನುಸುಳುವ ಪ್ರಯತ್ನ ಬೇಡ. ಮುಚ್ಚಿದ ಗಣಿಯಲ್ಲಿ ನೆಲ ಎಲ್ಲಿ ಟೊಳ್ಳಾಗಿದೆ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ.

ಗಣಿಯೊಳಗೆ ನಮ್ಮನ್ನು ಮಾತಿನಲ್ಲೇ ಕರೆದುಕೊಂಡು ಹೋಗಿದ್ದು ಗೆಳತಿಯ ತಾತ. ಮಧ್ಯಾಹ್ನ ಊಟವಾದ ಮೇಲೆ ಗೋಡೆಗೊರಗಿ ಕೂತು ಮಾತಿಗೆ ಶುರು ಮಾಡಿದರು. ಅವರ ಮಂಚದ ಪಕ್ಕ ಮೊಳೆಗೆ ಒಂದು ಹಿತ್ತಾಳೆ ಬಿಲ್ಲೆ ನೇತು ಹಾಕಿದ್ದರು. ನಂಬರ್ ಕೊರೆದ ಬಿಲ್ಲೆ, ಅಂಚು ಸವೆದು ನುಣ್ಣಗಾಗಿದೆ. "ಕೆಳಗೆ ಹೋಗುವಾಗ ಇದೇ ನಾನು" ಅಂದರು. ಪಾಳಿ ಮುಗಿದ ಮೇಲೆ ಯಾವ ನಂಬರ್ ವಾಪಸ್ ಬಂದಿಲ್ಲವೋ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ಲೆಕ್ಕ.

ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ನಂದಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ ಒಂದೂವರೆ ಕಿಲೋಮೀಟರ್ ಕೂಡ ಇಲ್ಲ, ಅದರ ಎರಡರಷ್ಟು ಕೆಳಗೆ ಇಳಿದು ಕೆಲಸ ಮಾಡಿದವರು ಇವರು. ಒಂದೇ ಕೇಜಿನಲ್ಲಿ ತಳ ಮುಟ್ಟಲಾಗುತ್ತಿರಲಿಲ್ಲ. ಒಂದು ಶಾಫ್ಟ್ ಇಳಿದು, ನಡೆದು, ಇನ್ನೊಂದು ಶಾಫ್ಟ್ ಹಿಡಿಯಬೇಕು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ಊದಿದರಷ್ಟೇ ಉಸಿರಾಟ. ನಾವು ಫ್ಯಾನ್ ಕೆಳಗೆ ಕೂತು "ಎಷ್ಟು ಸೆಕೆ" ಅನ್ನುತ್ತಿದ್ದವರು ಸುಮ್ಮನಾದೆವು. ಬಿಸಿಗಿಂತ ಭಯದ್ದು ರಾಕ್ ಬರ್ಸ್ಟ್. ಅಷ್ಟು ಆಳದಲ್ಲಿ ಬಂಡೆಯ ಮೇಲೆ ವಿಪರೀತ ಒತ್ತಡ. ಅದಿರು ತೆಗೆದು ಜಾಗ ಖಾಲಿಯಾದಂತೆ ಆ ಒತ್ತಡ ಪಕ್ಕದ ಬಂಡೆಗೆ ಹೋಗಿ, ಅದು ಇದ್ದಕ್ಕಿದ್ದ ಹಾಗೆ ಸಿಡಿಯುತ್ತದೆ. "ಅಡುಗೆಮನೆ ಅಟ್ಟದ ಪಾತ್ರೆ ಗಡಗಡ ಅಂದರೆ ಸಾಕು, ಹೆಂಗಸರೆಲ್ಲ ಒಲೆ ಆರಿಸಿ ಶಾಫ್ಟ್ ಕಡೆ ಓಡೋರು" ಅಂದರು ಅಜ್ಜಿ, ಒಳಗಿನಿಂದ.

ತಾತ ಇನ್ನೊಂದು ವಿಷಯ ಹೇಳುವಾಗ ಮುಖ ಅರಳಿತು. ಟಾಟಾ ಸಂಸ್ಥೆಯ ವಿಜ್ಞಾನಿಗಳು ಪೆಟ್ಟಿಗೆಗಳನ್ನು ಹೊತ್ತುಕೊಂಡು ಕೇಜಿನಲ್ಲಿ ಇಳಿಯುತ್ತಿದ್ದುದನ್ನು ಅವರು ನೋಡಿದ್ದಾರೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಇಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿದರು. ಆಕಾಶದಿಂದ ಸುರಿಯುವ ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆದುಬಿಡುತ್ತದೆ, ನ್ಯೂಟ್ರಿನೋ ಮಾತ್ರ ದಾಟಿ ಬರುತ್ತದೆ. ಅದಕ್ಕೇ ಅಷ್ಟು ಆಳ ಬೇಕಿತ್ತು. ಜಗತ್ತಿನ ವಿಜ್ಞಾನದ ಇತಿಹಾಸದಲ್ಲಿ ಇರುವ ಒಂದು ಜಾಗ ನಾವು ಕೂತ ಚಾಪೆಯಿಂದ ಸ್ವಲ್ಪ ದೂರದಲ್ಲಿ, ನೆಲದ ಕೆಳಗಿದೆ ಅಂತ ಯೋಚಿಸಿ ನನಗೆ ಮೈ ಜುಮ್ಮೆಂದಿತು.

ಸಂಜೆ ಸೈನೈಡ್ ಗುಡ್ಡದ ಕಡೆ ಹೋದೆವು. ಊರಿನ ಯಾವ ಮೂಲೆಯಿಂದ ನೋಡಿದರೂ ಇವು ಕಾಣುತ್ತವೆ. ನೆತ್ತಿ ಚಪ್ಪಟೆ, ಮಳೆ ನೀರು ಕೊರೆದ ಕೊರಕಲುಗಳು, ಬೂದಿ ಹಳದಿ ಬಣ್ಣ. ಬೆಟ್ಟ ಅಂದುಕೊಳ್ಳಬೇಕು, ಆದರೆ ಪೂರ್ತಿ ಮನುಷ್ಯರು ಸುರಿದದ್ದು. ಅದಿರನ್ನು ಗೋಧಿ ಹಿಟ್ಟಿನಂತೆ ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಬೆರೆಸುತ್ತಿದ್ದರು. ಚಿನ್ನ ದ್ರಾವಣದಲ್ಲಿ ಕರಗುತ್ತದೆ, ಉಳಿದ ಪುಡಿ ಇಲ್ಲಿಗೆ ಬರುತ್ತದೆ. ನೂರಿಪ್ಪತ್ತು ವರ್ಷದಲ್ಲಿ ಈ ನೆಲ 800 ಟನ್‌ಗೂ ಹೆಚ್ಚು ಚಿನ್ನ ಕೊಟ್ಟಿದೆ. ಕೊನೆ ಕೊನೆಗೆ ಒಂದು ಟನ್ ಅದಿರು ಅರೆದರೆ ಸಿಗುತ್ತಿದ್ದದ್ದು ಬರೀ ಮೂರು ಗ್ರಾಂ ಆಸುಪಾಸು. ಹಾಗಾದರೆ ಗುಡ್ಡ ಎಷ್ಟು ದೊಡ್ಡದಾಗಿರಬೇಕು ನೀವೇ ಲೆಕ್ಕ ಹಾಕಿ.

ಎಷ್ಟೋ ಜನ ಫೋಟೋಕ್ಕಾಗಿ ಗುಡ್ಡ ಹತ್ತುತ್ತಾರೆ. ನಾವು ಹತ್ತಲಿಲ್ಲ, ನೀವೂ ಹತ್ತಬೇಡಿ. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಪುಡಿ ಮನೆಯೊಳಗೆ, ಊಟದ ತಟ್ಟೆಯೊಳಗೆ ಬರುತ್ತದೆ ಅಂತ ಅಲ್ಲಿನವರ ಸಂಕಟ. ಗಣಿಯ ದೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದು ತೀರಿಕೊಂಡವರು ಲೈನಿನ ಎಷ್ಟೋ ಮನೆಗಳಲ್ಲಿದ್ದರು. ಅವರ ಮನೆಯವರ ಎದುರಿಗೇ ನಾವು ಆ ದಿಬ್ಬದ ಮೇಲೆ ಕುಣಿಯುವುದು ಚೆನ್ನಾಗಿರುವುದಿಲ್ಲ ಅಲ್ವಾ. ರಸ್ತೆಯಿಂದಲೇ ನೋಡಿ, ಸಂಜೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಮೂಗಿಗೆ ಬಟ್ಟೆ ಇರಲಿ.

ಅಲ್ಲಿಂದ ಆಟೋದಲ್ಲಿ ರಾಬರ್ಟ್‌ಸನ್‌ಪೇಟೆ. ಎಂ.ಜಿ. ಮಾರುಕಟ್ಟೆಯಲ್ಲಿ ಸುಮ್ನೆ ಸುತ್ತುವುದೇ ಒಂದು ಖುಷಿ. ಮೇ ತಿಂಗಳೆಂದರೆ ಶ್ರೀನಿವಾಸಪುರದ ಕಡೆಯ ಮಾವಿನ ಕಾಲ. ಬಾದಾಮಿ, ರಸಪುರಿ ರಾಶಿ ಬಿದ್ದಿರುತ್ತವೆ. ರಸ್ತೆ ಬದಿಯಲ್ಲಿ ತಾಟಿನುಂಗು ಕೊಯ್ದು ಕೊಡುತ್ತಾರೆ. ಬಿರಿಯಾನಿಗೆ ನಾವು ಹೋದದ್ದು ಆಟೋ ಚಾಲಕ ತೋರಿಸಿದ ಸಣ್ಣ ಅಂಗಡಿಗೆ. ಅಂಥ ಕಡೆ ಎಂಟು ಗಂಟೆ ದಾಟಿದರೆ ಪಾತ್ರೆ ಖಾಲಿ.

ಮಾರುಕಟ್ಟೆಯಿಂದ ಬರುವಾಗ ಬೀದಿ ದೀಪಗಳು ಹತ್ತಿದ್ದವು. ಈ ಊರಿನಲ್ಲಿ ಬೀದಿ ದೀಪಕ್ಕೂ ಒಂದು ಕಥೆಯಿದೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯಲ್ಲಿ ಹರಿದು 1902ರಲ್ಲಿ ಮೊದಲು ಬಂದದ್ದು ಇಲ್ಲಿಗೆ, ಗಣಿಯ ಯಂತ್ರಗಳಿಗೆ. ಬೆಂಗಳೂರಿಗೆ ಕರೆಂಟು ಬರಲು 1905ರ ತನಕ ಕಾಯಬೇಕಾಯಿತು. ಗೆಳತಿಗೆ ಇದು ಹೆಮ್ಮೆಯ ವಿಷಯ, ದಾರಿಯುದ್ದಕ್ಕೂ ಹೇಳುತ್ತಲೇ ಬಂದಳು.

ಭಾನುವಾರ ಬೆಳಗ್ಗೆ ಬೇಗ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿ ಬಂದೆವು. 108 ಅಡಿಯ ಲಿಂಗ, ಸುತ್ತ ಎಣಿಸಲಾಗದಷ್ಟು ಚಿಕ್ಕ ಲಿಂಗಗಳು. ಎಂಟು ಗಂಟೆಯೊಳಗೆ ಮುಗಿಸಿ, ಆಮೇಲೆ ಬರಿಗಾಲಿಗೆ ನೆಲ ಸುಡುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ಚಾಂಪಿಯನ್ ರೀಫ್‌ನಿಂದ ಮಾರಿಕುಪ್ಪಂವರೆಗಿನ ನಡಿಗೆ. ಭಾನುವಾರದ ಪ್ರಾರ್ಥನೆ ಮುಗಿಸಿ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನಿಂದ ಜನ ಬರುತ್ತಿದ್ದರು, ಪಕ್ಕದ ಬೀದಿಯಲ್ಲಿ ಮಾರಿಯಮ್ಮನ ಗುಡಿಯ ಮೈಕು. ಮಾರಿಕುಪ್ಪಂನಲ್ಲಿ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ತಮಿಳು ದಲಿತ ಚಿಂತಕ ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆ ಇತ್ತು. ಅಂಬೇಡ್ಕರ್ ಅವರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವ ಎಷ್ಟೋ ವರ್ಷ ಮೊದಲೇ ಇಲ್ಲಿನ ಗಣಿ ಕಾರ್ಮಿಕರು ಬುದ್ಧನ ಮಾತು ಓದುತ್ತಿದ್ದರು. ಕೆಜಿಎಫ್ ಬಗ್ಗೆ ಮಾತಾಡುವವರು ಚಿನ್ನ ಬಿಟ್ಟು ಇದನ್ನೂ ಒಂದು ಸಲ ಹೇಳಿದರೆ ಚೆನ್ನಾಗಿತ್ತು.

ಇನ್ನೊಂದು ಮಾತು. ಈ ಊರನ್ನು ಪಾಳು ಊರು ಅಂತ ಕರೆಯುವುದು ನೋಡಿದ್ದೇನೆ. ತಪ್ಪು. 2001ರ ಫೆಬ್ರವರಿ 28ಕ್ಕೆ, ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು ನಿಜ. ಆದರೆ ಇಲ್ಲಿ ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ, ಮಕ್ಕಳು ಸ್ಕೂಲಿಗೆ ಹೋಗುತ್ತಾರೆ, ಮದುವೆ ನಡೆಯುತ್ತದೆ, ಸಂಜೆ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಾರೆ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಕೇಳಿದರೆ ಯಾರೂ ಬೇಡ ಅನ್ನಲಿಲ್ಲ ನಮಗೆ, ಜೊತೆಗೆ ಒಂದು ಕಥೆಯನ್ನೂ ಹೇಳಿದರು.

ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ರಾಗಿ ಅಂಬಲಿ, ಮಜ್ಜಿಗೆ, ಹಸಿ ಈರುಳ್ಳಿ, ಪಕ್ಕದಲ್ಲಿ ಒಣಮೀನಿನ ಸಾರು. ಸಂಜೆ ಬೇತಮಂಗಲದ ಕೆರೆ ಏರಿ ಮೇಲೆ ಸ್ವಲ್ಪ ಹೊತ್ತು ಕೂತೆವು. ಪಾಲಾರ್ ನದಿಯ ನೀರು ನಿಲ್ಲಿಸಿದ ಕೆರೆ, ಗಣಿ ಊರಿಗೆ ಕುಡಿಯುವ ನೀರು ಹೋಗುತ್ತಿದ್ದುದು ಇಲ್ಲಿಂದಲೇ. ಹೊರಡುವಾಗ ಅಜ್ಜಿ ಒಂದು ಚೀಲ ಮಾವಿನಕಾಯಿ ಕಟ್ಟಿ ಕೊಟ್ಟರು. "ಬಿಸಿಲಲ್ಲಿ ಬಂದು ಏನು ನೋಡಿದಿರಿ? ಕ್ರಿಸ್‌ಮಸ್‌ಗೆ ಬನ್ನಿ, ಚಾಂಪಿಯನ್ ರೀಫ್ ಲೈನಲ್ಲಿ ಮನೆ ಮನೆಗೂ ನಕ್ಷತ್ರ ಕಟ್ಟಿರುತ್ತಾರೆ" ಅಂದರು. ಡಿಸೆಂಬರ್ ಕೊನೆಯ ವಾರಕ್ಕೆ ಐದೂ ಜನ ಈಗಲೇ ರಜೆ ಹೇಳಿಟ್ಟಿದ್ದೇವೆ.